ಕೂಸಿನ ಕಂಬಳಿಯ ಹಡ್ಲು

ಜಕ್ಕನಹಟ್ಟಿಯ ಮೇಲುಗಡೆ, ಮರಗಳೆಲ್ಲ ಮುಗಿದು ಬರೀ ಹುಲ್ಲೇ ಗಾಳಿಗೆ ಹೊರಳಾಡುವ ಬೆಟ್ಟದ ನೆತ್ತಿಯಲ್ಲಿ, ಎರಡು ಗುಡ್ಡಗಳ ನಡುವೆ ಒಂದು ಹಡ್ಲು ಇದೆ. ನೋಡುವುದಕ್ಕೆ ಹಸಿರು ಬಯಲು. ಕಾಲಿಟ್ಟರೆ ಮೊಣಕಾಲುದ್ದ ಕಪ್ಪು ಕೆಸರು. ಕಡುಬೇಸಿಗೆಯಲ್ಲೂ ಅದರ ಬಾಯಿಂದ ಜಿನುಗುವ ನೀರೇ ಹಳ್ಳವಾಗಿ ಕೆಳಗಿನ ಹಟ್ಟಿಗೆ ಇಳಿಯುತ್ತದೆ. ಈ ಹೆಸರು ಏಕೆ ಬಂತೆಂದು ಕೇಳಿದರೆ ಹಿರಿಯರು ಈ ಕತೆ ಹೇಳುತ್ತಾರೆ.

ಹಿಂದೆ ಒಮ್ಮೆ ಮುಂಗಾರು ಹಿಂಗಾರು ಎರಡೂ ಕೈಕೊಟ್ಟು ಹಳ್ಳ ನೂಲಿನೆಳೆಯಷ್ಟಾಯಿತು ಎನ್ನುತ್ತಾರೆ. ಕುರಿ ಕಾಯುವ ಮಾಯಣ್ಣನ ಹೆಂಡತಿ ಕೆಂಚವ್ವ ಆಗ ಹಸಿ ಬಾಣಂತಿ. ಅವಳಿಗೆ ಕುಡಿಯಲು ನೀರಿಲ್ಲ, ಕೂಸಿಗೆ ಹಾಲಿಲ್ಲ. 'ಅಷ್ಟೊಂದು ನೀರು ಹಿಡ್ಕೊಂಡು ಕೂತೈತಲ್ಲ, ಈ ಬೆಟ್ಟ ಯಾರಿಗೆ ಕೂಡಿಡ್ತೈತೆ?' ಎಂದು ಮಾಯಣ್ಣ ಗುದ್ದಲಿ ಹೊತ್ತು ಹತ್ತಿ, ಹಡ್ಲಿನ ಬಾಯನ್ನು ಆಳೆತ್ತರ ಕಡಿದ. ನೀರು ಧುಮ್ಮಿಕ್ಕಿತು. ಹಟ್ಟಿ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಒಂಬತ್ತೇ ದಿನ! ಹತ್ತನೆಯ ದಿನ ಆ ನೂಲಿನೆಳೆಯೂ ತುಂಡಾಯಿತು. ಅಯ್ಯೋ ಮಂಕೇ, ಕೆಚ್ಚಲು ಕೊಯ್ದು ಹಾಲು ಕುಡಿಯುವವರುಂಟೇ? ತಲೆಮಾರುಗಳ ಹುಲ್ಲು ಕೊಳೆತು ಕೂತ ಆ ಕಪ್ಪು ಮಣ್ಣೇ ಮಳೆಯನ್ನು ಹೀರಿಟ್ಟು, ಹನಿಹನಿಯಾಗಿ ವರ್ಷವಿಡೀ ಬಿಡುತ್ತಿತ್ತು. ಈಗ ಅದು ತೋಳು ತೂರುವಷ್ಟು ಬಿರಿದಿತ್ತು.

ಅದೇ ಸಂಜೆ ಪಡುವಣದಲ್ಲಿ ಮೋಡ ಕಟ್ಟಿತು. ಹಟ್ಟಿ ಹಿಗ್ಗಿತು, ಮಾಯಣ್ಣ ಮಾತ್ರ ಗಾಬರಿಯಿಂದ ಹಡ್ಲಿಗೆ ಓಡಿದ. ಕಡಿದ ಬಾಯಿಗೆ ಮಳೆ ನುಗ್ಗಿದರೆ ಒಣಗಿದ ಮಣ್ಣೆಲ್ಲ ಕೊಚ್ಚಿಹೋಗಿ ಬಂಡೆ ಮಾತ್ರ ಉಳಿಯುತ್ತದೆ. ಆಮೇಲೆ ಎಷ್ಟು ಸುರಿದರೂ ಹಿಡಿದಿಡುವವರಿಲ್ಲ. ಕಡಿದ ಜಾಗಕ್ಕೆ ಕಲ್ಲು ಮಣ್ಣು ತುಂಬಿದ. ಮೊದಲ ಹನಿಗಳೇ ಅದನ್ನು ಎಳೆದೊಯ್ದವು. ವರ್ಷವೆಲ್ಲ ಮಳೆಗಾಗಿ ಅತ್ತವನು ಕೈಮುಗಿದು ಕೂಗಿದ: 'ಇನ್ನೊಂದು ದಿನ ತಡಿಯಪ್ಪಾ ಮಳೆರಾಯ, ನಿನ್ನ ಕಾಲಿಗೆ ಬೀಳ್ತೀನಿ!' ಆಗ ಕೂಸನ್ನೆತ್ತಿಕೊಂಡು ಹತ್ತಿ ಬಂದ ಕೆಂಚವ್ವ, 'ನೆಂದ ಕಂಬಳಿ ಉಬ್ತೈತೆ, ಮಣ್ಣು ಬಿಡಾಕಿಲ್ಲ. ಹಟ್ಟಿ ಕಂಬಳಿಯೆಲ್ಲ ತರ್ಸು,' ಎಂದಳು. ಚಳಿಗಾಳಿಗೆ ಇದ್ದುದೇ ಮನೆಗೊಂದು ಕಂಬಳಿ, ಯಾರೂ ಇಲ್ಲವೆನ್ನಲಿಲ್ಲ. ಹುಲ್ಲಿನ ಹೆಂಟೆಗಳನ್ನು ಅವುಗಳಲ್ಲಿ ಸುತ್ತಿ ಸುತ್ತಿ ತುರುಕಿದರು. ಆದರೂ ತಳದಲ್ಲಿ ಒಂದು ಬಿಲದಿಂದ ಕಪ್ಪು ನೀರು ಚಿಮ್ಮುತ್ತಲೇ ಇತ್ತು. ಕಂಬಳಿ ಮುಗಿದಿತ್ತು. ಕೆಂಚವ್ವ ತೋಳಲ್ಲಿದ್ದ ಕೂಸಿನ ಹೊದಿಕೆಯತ್ತ ನೋಡಿದಳು.

'ಬ್ಯಾಡ ಕಣೇ,' ಎಂದ ಮಾಯಣ್ಣ.

'ಇದು ಬಿಟ್ರೆ ಇನ್ನೇನೈತೆ? ತುರುಕು,' ಎಂದು ಅವಳು ಕೂಸಿಗೆ ಸುತ್ತಿದ್ದ ಕಂಬಳಿಯನ್ನು ಬಿಚ್ಚಿಕೊಟ್ಟು, ಕೂಸನ್ನು ಒದ್ದೆ ಸೆರಗಿನೊಳಗೆ ಅವುಚಿಕೊಂಡಳು. ಬಿಲ ಮುಚ್ಚಿತು. ಮಳೆ ಮೂರು ದಿನ ಹೊಡೆಯಿತು. ಹಡ್ಲು ಉಳಿಯಿತು, ಕೂಸು ಉಳಿಯಲಿಲ್ಲ. ಮಾಯಣ್ಣ ಬದುಕಿರುವವರೆಗೂ ಮತ್ತೆ ಗುದ್ದಲಿ ಮುಟ್ಟಲಿಲ್ಲವಂತೆ. ಮರುವರ್ಷದ ಬೇಸಿಗೆಯಲ್ಲಿ ಹಳ್ಳ ಹರಿಯಿತು, ಕೆಂಚವ್ವ ಮಾತ್ರ ಆ ನೀರನ್ನು ಕೊಡಕ್ಕೆ ತುಂಬುವಾಗಲೆಲ್ಲ ಗೋಳೋ ಎಂದು ಅಳುತ್ತಿದ್ದಳು.

ಈಗಲೂ ಹತ್ತಿ ಹೋದವರಿಗೆ ಹಡ್ಲಿನ ಬಾಯಲ್ಲಿ ಹುಲ್ಲು ಮುಚ್ಚಿದ ಒಂದು ದಿಬ್ಬ, ಪಕ್ಕದ ಬಂಡೆಯ ಸಂದಿಯಲ್ಲಿ ಮಡಿಸಿಟ್ಟ ಕಂಬಳಿಗಳು ಕಾಣುತ್ತವೆ. ಹಟ್ಟಿಯಲ್ಲಿ ಕೂಸು ಹುಟ್ಟಿದರೆ ಎರಡು ಕಂಬಳಿ ನೇಯುತ್ತಾರೆ. ಒಂದನ್ನು ಕೂಸಿಗೆ ಹೊದಿಸುತ್ತಾರೆ. ಇನ್ನೊಂದನ್ನು ತಂದೆಯಾದವನು ಆ ಸಂದಿಗೆ ಹೊತ್ತು ತಂದಿಡುತ್ತಾನೆ, ಬೆಟ್ಟ ಮತ್ತೆ ಕೇಳಿದರೆ ಕೂಸಿನ ಮೈಮೇಲಿನದಕ್ಕೆ ಕೈ ಹೋಗಬಾರದೆಂದು.