ಮುತ್ತಕ್ಕನ ಎಡಗೈ ಬೆರಳು

"ಮೇಷ್ಟ್ರೇ, ಎಲ್ಲಾ ಮಾಡಿ ನೋಡಿದೆ. ಆದ್ರೂ ನೆಟ್ ಬರ್ತಿಲ್ಲ. ಪೂರ್ತಿ ಅಳಿಸಿ ಲಿನಕ್ಸ್ ಹೊಸದಾಗಿ ಹಾಕಿಬಿಡ್ಲಾ?"

ಕೇಳಿದವನು ಚಿಕ್ಕಲಿಂಗ. ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಕಲಿಸುವ ಮೇಷ್ಟರ ಶಿಷ್ಯ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಕಲಿಯಲು ಬಂದವನು. ವಿಂಡೋಸಿನ ಬದಲು ಲಿನಕ್ಸಿನಿಂದ ನಡೆಯುವ ಗ್ರಂಥಾಲಯದ ಕಂಪ್ಯೂಟರೊಂದನ್ನು ಮುಂದಿಟ್ಟುಕೊಂಡು ಮೂರು ದಿನದಿಂದ ಗುದ್ದಾಡುತ್ತಿದ್ದ.

ಮೇಷ್ಟ್ರು ಕಂಪ್ಯೂಟರಿನ ಕಡೆ ನೋಡಲಿಲ್ಲ. ಅವನ ಮುಖವನ್ನು ನೋಡಿದರು. ಸ್ಟೂಲು ಎಳೆದುಕೊಂಡು ಕೂತು, ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಬ್ರೈಲ್ ಮುದ್ರಣಾಲಯವಿತ್ತು. ಕಣ್ಣು ಕಾಣದವರು ಬೆರಳಿನಿಂದ ಓದುವ ಪುಸ್ತಕಗಳು ಅಲ್ಲಿ ತಯಾರಾಗುತ್ತಿದ್ದವು. ದೊಡ್ಡ ಜಾಗವೇನಲ್ಲ. ಲಿನಕ್ಸ್ ಹಾಕಿದ ಒಂದು ಕಂಪ್ಯೂಟರು, ಕಾಗದದ ಮೇಲೆ ಉಬ್ಬು ಚುಕ್ಕಿ ಒತ್ತುವ ಒಂದು ಯಂತ್ರ, ಬಾಗಿಲ ಬಳಿ ಕೆಲಸದವರು ಬೆರಳೊತ್ತಿ ಒಳಗೆ ಬರುವ ಒಂದು ಹಾಜರಿ ಯಂತ್ರ. ಮೂರರ ವೈರುಗಳೂ, ಅವನ್ನು ಒಂದಕ್ಕೊಂದು ಬೆಸೆಯುವ, ಗೋಡೆಯ ಮೇಲಿದ್ದ ರೌಟರಿಗೆ ಬಂದು ಸೇರುತ್ತಿದ್ದವು.

ಅಲ್ಲಿ ಕರಡು ತಿದ್ದುವ ಹೆಂಗಸಿನ ಹೆಸರು ಮುತ್ತಕ್ಕ. ಹುಟ್ಟಿನಿಂದ ಕಣ್ಣಿಲ್ಲ. ಕಂಪ್ಯೂಟರು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಅದನ್ನು ಕೇಳಿಕೊಂಡು ಅವಳು ಟೈಪು ಮಾಡುತ್ತಿದ್ದಳು. ಒತ್ತಿದ ಹಾಳೆ ಕೈಗೆ ಬಂದರೆ ಬೆರಳಾಡಿಸಿ ತಪ್ಪು ಹಿಡಿಯುತ್ತಿದ್ದಳು. ಅವಳು ಓದುವ ಬಗೆ ಹೀಗಿತ್ತು. ಎಡಗೈ ಬೆರಳನ್ನು ಸಾಲಿನ ತುದಿಯಲ್ಲಿ ಇಟ್ಟರೆ ಅದನ್ನು ಅಲ್ಲಾಡಿಸುತ್ತಿರಲಿಲ್ಲ. ಬಲಗೈ ಬೆರಳು ಮಾತ್ರ ಮುಂದೆ ಹೋಗಿ ನೋಡಿಕೊಂಡು ಬರುತ್ತಿತ್ತು. ಆ ಸಾಲು ಸರಿ ಎಂದು ಗೊತ್ತಾದ ಮೇಲೆಯೇ ಎಡಗೈ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಎರಡೂ ಕೈ ಒಟ್ಟಿಗೆ ಓಡಿದರೆ ತಾನು ಎಲ್ಲಿದ್ದೇನೆ ಎನ್ನುವುದೇ ತಪ್ಪಿಹೋಗುತ್ತದೆ ಎಂದು ಅವಳು ಹೇಳುತ್ತಿದ್ದಳು.

ಆ ವರ್ಷ ಹನ್ನೊಂದು ಜನ ಅಂಧ ಯುವಕ ಯುವತಿಯರು ಸರ್ಕಾರಿ ನೌಕರಿಯ ಪರೀಕ್ಷೆಗೆ ಕಟ್ಟಿದ್ದರು. ಅವರಿಗೆ ಓದಲು ಬ್ರೈಲಿನಲ್ಲಿ ಪುಸ್ತಕವೇ ಇರಲಿಲ್ಲ. ಮುತ್ತಕ್ಕ ಎಂಟು ತಿಂಗಳು ಕೂತು ಒಂದು ಪುಸ್ತಕ ಸಿದ್ಧ ಮಾಡಿದ್ದಳು. ಮೂರು ಸಂಪುಟ. ಹನ್ನೊಂದು ಜನಕ್ಕೆ ಮೂವತ್ತಮೂರು. ದಸರಾ ಮುಗಿದ ವಾರದ ಶನಿವಾರ ಮಧ್ಯಾಹ್ನದ ಬಸ್ಸಿಗೆ ಅವು ಆ ಹನ್ನೊಂದು ಜನ ಇದ್ದ ಹಾಸ್ಟೆಲಿಗೆ ಹೊರಡಬೇಕಿತ್ತು. ಆ ಬಸ್ಸು ತಪ್ಪಿದರೆ ಅವರು ಪುಸ್ತಕ ಮುಟ್ಟದೆಯೇ ಪರೀಕ್ಷೆಗೆ ಕೂರಬೇಕಿತ್ತು.

ಹಬ್ಬ ಮುಗಿಸಿ ಸೋಮವಾರ ಬಾಗಿಲು ತೆಗೆದರು. ಯಂತ್ರ ನಡೆಸುವ ನಸೀಮಾ ಮೊದಲ ಸಂಪುಟ ಒತ್ತಲು ಕೊಟ್ಟಳು. ಯಂತ್ರ ಟಕಟಕ ಎಂದು ಹೊರಟಿತು. ಇಪ್ಪತ್ತು ಹಾಳೆಗೆ ನಿಂತಿತು. ಮತ್ತೆ ಕೊಟ್ಟಳು. ನಲವತ್ತಕ್ಕೆ ನಿಂತಿತು. ಮತ್ತೊಮ್ಮೆ ಕೊಟ್ಟಾಗ ಆರೇ ಹಾಳೆಗೆ ನಿಂತಿತು. ನಡುವೆ ನಿಂತರೆ ಆ ಸಂಪುಟವನ್ನು ಮೊದಲಿನಿಂದ ಒತ್ತಬೇಕು. ಮಂಗಳವಾರ ಸಂಜೆಯ ಹೊತ್ತಿಗೆ ಮೂಲೆಯಲ್ಲಿ ಹಾಳಾದ ಕಾಗದದ ರಾಶಿ ಸೊಂಟದೆತ್ತರ ಬೆಳೆದಿತ್ತು. ಒಂದು ಸಂಪುಟವೂ ಆಗಿರಲಿಲ್ಲ.

ಬುಧವಾರ ಒಬ್ಬ ಜಾಣನನ್ನು ಕರೆಸಿದರು.

ಜಾಣ ಎಂದರೆ ಜಾಣನೇ. ಲಿನಕ್ಸಿನ ಆಜ್ಞೆಗಳು ಅವನ ನಾಲಿಗೆಯ ತುದಿಯಲ್ಲಿದ್ದವು. ನಸೀಮಾ ಏನಾಯಿತೆಂದು ಹೇಳಲು ಬಾಯಿ ತೆರೆದಳು, ಅವನು ಕೈ ಅಡ್ಡ ಹಿಡಿದು "ಗೊತ್ತಾಯ್ತು ಬಿಡಿ" ಎಂದ. ಬಂದವನೇ ವೈರು ಬದಲಾಯಿಸಿದ. ಮುದ್ರಣದ ತಂತ್ರಾಂಶ ಕಿತ್ತು ಹಾಕಿ ಹೊಸದನ್ನು ಕೂರಿಸಿದ. ಜಾಲದ ಸೆಟ್ಟಿಂಗು ತಿದ್ದಿದ. ಇದು ಬೇಡ, ಅದು ದಂಡ ಎಂದು ಇನ್ನೂ ಏನೇನನ್ನೋ ತೆಗೆದ. ಒಂದು ಫಲ ಕೊಟ್ಟಿತೋ ಇಲ್ಲವೋ ಎಂದು ನೋಡುವ ಮೊದಲೇ ಇನ್ನೊಂದಕ್ಕೆ ಕೈ ಹಾಕಿದ. ಊಟದ ಹೊತ್ತಿಗೆ, ಮೊದಲು ಆರು ಹಾಳೆಯಾದರೂ ಒತ್ತುತ್ತಿದ್ದ ಯಂತ್ರ ಒಂದನ್ನೂ ಒತ್ತದಾಯಿತು. ಅದೂ ಸಾಲದೆಂದು ಕಂಪ್ಯೂಟರಿನ ದನಿ ಅಡಗಿತು. ಮುತ್ತಕ್ಕ ಕೀಲಿ ಒತ್ತಿದರೆ ಅದು ಏನನ್ನೂ ಹೇಳಲಿಲ್ಲ. ಎಂಟು ತಿಂಗಳು ಅವಳ ಕಿವಿಯಲ್ಲಿ ಮಾತಾಡಿದ್ದ ದನಿ ಅದು. ಅವಳಿಗೆ ಅಳು ಬಂತು, ಅಳಲಿಲ್ಲ.

ಜಾಣ ಬೆವರು ಒರೆಸಿಕೊಂಡು ಹೇಳಿದ: "ಅಕ್ಕಾ, ಎಲ್ಲಾ ಮಾಡಿ ನೋಡಿದೆ. ಇನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕೋದೇ ದಾರಿ."

ಇಲ್ಲಿಗೆ ಬಂದಾಗ ಮೇಷ್ಟ್ರು ಶಿಷ್ಯನ ಕಡೆ ಒಮ್ಮೆ ನೋಡಿ ಮುಂದುವರಿಸಿದರು.

ಮುತ್ತಕ್ಕ ಕೇಳಿದಳು: "ಹೊಸದಾಗಿ ಹಾಕಿದ ಮೇಲೂ ನಿಂತ್ರೆ ಏನ್ ಮಾಡ್ತೀಯ ತಮ್ಮಾ? ಅದಿರ್ಲಿ, ಬೆಳಿಗ್ಗೆ ಬಂದೋನು ಮೊದಲು ಏನ್ ಮಾಡ್ದೆ, ಅದು ಹೇಳು."

ಜಾಣನಿಗೆ ಅದು ನೆನಪಿರಲಿಲ್ಲ. ಅಷ್ಟು ಜನರ ಮುಂದೆ ಅವನ ಮುಖ ಸಣ್ಣದಾಯಿತು.

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದನೋ ಏನೋ. "ನಿನಗೆ ನೆನಪಿಲ್ಲ, ಸರಿ. ಕಂಪ್ಯೂಟರಿಗೂ ನೆನಪಿಲ್ಲವೇ?" ಎಂದು ಕೇಳಿದಳು.

ಕಂಪ್ಯೂಟರಿಗೆ ನೆನಪಿತ್ತು. ಹಾಕಿದ್ದು, ತೆಗೆದದ್ದು, ಯಾವ ಗಂಟೆಗೆ ಎಂಬುದನ್ನೆಲ್ಲ ಲಿನಕ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದುವ ಸಹನೆ ಜಾಣರಿಗೆ ಇರುವುದಿಲ್ಲ, ಅಷ್ಟೆ. ನಸೀಮಾ ಕೊನೆಯ ಸಾಲಿನಿಂದ ಮೇಲಕ್ಕೆ ಗಟ್ಟಿಯಾಗಿ ಓದುತ್ತ ಹೋದಳು. ಅವಳು ಓದಿದ ಒಂದೊಂದನ್ನೇ ಜಾಣ ಮೊದಲಿದ್ದಂತೆ ಮಾಡುತ್ತ ಬಂದ. ಮುತ್ತಕ್ಕ ಬ್ರೈಲ್ ಸ್ಲೇಟು ಮಡಿಲಲ್ಲಿಟ್ಟುಕೊಂಡು ಪ್ರತಿಯೊಂದನ್ನೂ ಚುಕ್ಕಿ ಒತ್ತುವ ಮೊಳೆಯಿಂದ ಚುಚ್ಚಿ ಬರೆದುಕೊಂಡಳು. ಅವಳು ಬರೆದು ಮುಗಿಸುವ ತನಕ ಮುಂದಿನದನ್ನು ಮುಟ್ಟುವಂತಿರಲಿಲ್ಲ. ಜಾಣನಿಗೆ ಇದು ಬಸವನಹುಳುವಿನ ಕೆಲಸ ಎನ್ನಿಸಿತು. ಆದರೂ ಅವಳು ಹೇಳಿದಂತೆಯೇ ಮಾಡುತ್ತ ಹೋದ.

ಐದನೆಯದನ್ನು ಹಿಂದಕ್ಕೆ ಹಾಕಿದಾಗ ಮುತ್ತಕ್ಕ ಸುಮ್ಮನೆ ಒಂದು ಕೀಲಿ ಒತ್ತಿದಳು. "ಕ" ಎಂದಿತು ಕಂಪ್ಯೂಟರು.

ಅವಳು ಮೊಳೆ ಕೆಳಗೆ ಹಾಕಿ ಚಪ್ಪಾಳೆ ತಟ್ಟಿದಳು. ನಸೀಮಾ ಅವಳನ್ನು ತಬ್ಬಿಕೊಂಡಳು. ಬೇಡವೆಂದು ಅವನು ಕಿತ್ತಿದ್ದ ಯಾವುದೋ ಒಂದು ಪುಟ್ಟ ತಂತ್ರಾಂಶ ಹೋಗುವಾಗ ದನಿಯನ್ನೂ ಎಳೆದುಕೊಂಡು ಹೋಗಿತ್ತು. ಜಾಣ ಅಂದು ಮೊದಲ ಸಲ ನಕ್ಕ.

ಗುರುವಾರ ಬೆಳಿಗ್ಗೆ ಎಲ್ಲವೂ ಸೋಮವಾರ ಇದ್ದ ಹಾಗೆ ಆಯಿತು. ಯಂತ್ರ ಹೊರಟಿತು, ನಡುವೆ ನಿಂತಿತು. ಆದರೆ ಈಗ ಇದ್ದದ್ದು ಒಂದೇ ತೊಡಕು, ಜಾಣ ತಂದು ಹಾಕಿದ ತೊಡಕುಗಳು ಇರಲಿಲ್ಲ. ಮುತ್ತಕ್ಕ ಹೇಳಿದಳು: "ಈಗ ಬೆರಳಿಡು. ಇಲ್ಲಿಂದ ಅಲ್ಲೀವರೆಗೆ ಸರಿ ಅಂತ ಖಂಡಿತ ಗೊತ್ತಿರೋದು ಯಾವುದು?"

ಲಿನಕ್ಸಿನಲ್ಲಿ ಪಿಂಗ್ ಎಂದು ಒಂದು ಆಜ್ಞೆ ಇದೆ. ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ಸಂಖ್ಯೆ ಇರುತ್ತದೆ. ಪಿಂಗ್ ಆ ಸಂಖ್ಯೆ ಹಿಡಿದು "ಇದ್ದೀಯಾ?" ಎಂದು ಕೂಗುತ್ತದೆ. ಇದ್ದರೆ ಉತ್ತರ ಬರುತ್ತದೆ. ಜಾಣ ರೌಟರನ್ನು ಕೂಗಿದ. ಇದ್ದೇನೆ ಎಂದಿತು. ಅಲ್ಲಿಗೆ ಒಂದು ಬೆರಳು ಊರಿತು. ಚುಕ್ಕಿ ಒತ್ತುವ ಯಂತ್ರವನ್ನು ಕೂಗಿದ. ಇದ್ದೇನೆ ಎಂದಿತು. "ಅದೂ ಸರಿ ಇದೆ ಅಕ್ಕಾ" ಎಂದ.

ಮುತ್ತಕ್ಕ ತಲೆ ಅಲ್ಲಾಡಿಸಿದಳು. ಕಣ್ಣು ಕಾಣದವಳು. ಹೆಸರು ಕೂಗಿದಾಗ ಓಗೊಟ್ಟವರು ಅವರೇ ಹೌದೋ ಅಲ್ಲವೋ ಎಂದು ತಿಳಿದುಕೊಳ್ಳುವುದು ಅವಳ ದಿನದಿನದ ಬದುಕು. "ಉತ್ತರ ಬಂತು. ಕೊಟ್ಟೋರು ಯಾರು?" ಎಂದಳು. ಮತ್ತೆ ಹೇಳಿದಳು: "ಇನ್ನೊಂದು ಮಾತು. ಮೂರು ದಿನದಿಂದ ಕೇಳ್ತಿದೀನಿ. ನಮ್ ಯಂತ್ರ ನಿಲ್ಲೋಕೆ ಮುಂಚೆ ಪ್ರತಿ ಸಲವೂ ಬಾಗಿಲ ಹತ್ತಿರ ಅದು 'ಥ್ಯಾಂಕ್ಯೂ' ಅನ್ನುತ್ತೆ."

ಕೆಲಸದವರು ಬೆರಳೊತ್ತಿದಾಗಲೆಲ್ಲ ಹಾಜರಿ ಯಂತ್ರ ಹೆಣ್ಣುದನಿಯಲ್ಲಿ ಥ್ಯಾಂಕ್ಯೂ ಎನ್ನುತ್ತಿತ್ತು. ಕಣ್ಣಿದ್ದವರು ಯಾರೂ ಅದನ್ನು ಕೇಳಿಸಿಕೊಂಡಿರಲಿಲ್ಲ. ನಸೀಮಾ ಈ ಮಾತನ್ನು ಹೇಳಲೆಂದೇ ಬುಧವಾರ ಬಾಯಿ ತೆರೆದಿದ್ದಳು. ಮುತ್ತಕ್ಕ ಅವಳಿಗೆ ಹೇಳಿ ಕಳಿಸಿದ್ದಳು.

"ನಮ್ ಯಂತ್ರದ ವೈರು ಕಿತ್ತುಬಿಡು. ಕಿತ್ತು ಕೈಯಲ್ಲಿ ಹಿಡ್ಕೊಂಡು ಕೂಗು" ಎಂದಳು ಮುತ್ತಕ್ಕ.

ನಸೀಮಾ ಚುಕ್ಕಿ ಯಂತ್ರದ ವೈರು ಕಿತ್ತು ಮೇಲೆತ್ತಿ ಹಿಡಿದಳು. ಜಾಣ ಅದರ ಸಂಖ್ಯೆ ಹಿಡಿದು ಕೂಗಿದ.

ಇದ್ದೇನೆ ಎಂದು ಉತ್ತರ ಬಂತು.

ಜಾಣ ಎದ್ದು ಓಡಿದ. ಬಾಗಿಲ ಬಳಿಯ ಹಾಜರಿ ಯಂತ್ರದ ವೈರು ಎಳೆದು ಹಾಕಿ, ಅಲ್ಲಿಂದಲೇ "ಈಗ ಕೂಗಿ ನಸೀಮಕ್ಕಾ!" ಎಂದು ಅರಚಿದ. ನಸೀಮಾ ಕೂಗಿದಳು. ಉತ್ತರ ಬರಲಿಲ್ಲ. ಮತ್ತೆ ಕೂಗಿದಳು. ಬರಲಿಲ್ಲ.

"ಸಿಕ್ಕಿತು!" ಎಂದು ಮೂವರೂ ಒಟ್ಟಿಗೆ ಕೂಗಿದರು. ಪುಸ್ತಕಗಳ ಬೆನ್ನು ಹೊಲಿಯುವ ಕೋಣೆಯವರು ಏನಾಯಿತೋ ಎಂದು ಓಡಿಬಂದರು.

ಆದದ್ದು ಇಷ್ಟು. ಆಯುಧಪೂಜೆಯ ದಿನ ಆ ಮುದ್ರಣಾಲಯದ ಪದ್ಧತಿಯಂತೆ ಎಲ್ಲ ಯಂತ್ರಗಳ ವೈರು ಬಿಚ್ಚಿ, ಒರೆಸಿ, ಕುಂಕುಮ ಹಚ್ಚಿ, ಹೂವು ಮುಡಿಸಿದ್ದರು. ಆ ವರ್ಷ ಭಕ್ತಿ ಹೆಚ್ಚಾಗಿ ಗೋಡೆಯ ಮೇಲಿನ ರೌಟರನ್ನೂ ಕೆಳಗಿಳಿಸಿದ್ದರು. ರೌಟರು ಮತ್ತೆ ಎದ್ದಾಗ ಹಳೆಯದನ್ನು ಮರೆತು, ಸಂಖ್ಯೆ ಕೇಳಿ ಬಂದವರಿಗೆ ಹೊಸದಾಗಿ ಹಂಚಿತು. ಚುಕ್ಕಿ ಯಂತ್ರಕ್ಕೆ ಆರು ವರ್ಷದ ಹಿಂದೆ ಯಾರೋ ಕೈಯಿಂದ ಒಂದು ಸಂಖ್ಯೆ ಕೂರಿಸಿದ್ದರು. ರೌಟರಿಗೆ ಅದು ಗೊತ್ತಿರಲಿಲ್ಲ. ಅದೇ ಸಂಖ್ಯೆಯನ್ನು ಹಾಜರಿ ಯಂತ್ರಕ್ಕೆ ಕೊಟ್ಟುಬಿಟ್ಟಿತು. ಎರಡು ಮನೆಗೆ ಒಂದೇ ನಂಬರು. ಯಾರಾದರೂ ಬೆರಳೊತ್ತಿದರೆ ಹಾಜರಿ ಯಂತ್ರ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತಿತ್ತು. ಆ ನಂಬರಿನ ಮನೆ ಇದೇ ಎಂದುಕೊಂಡು ಕಂಪ್ಯೂಟರು ಮುಂದಿನ ಹಾಳೆಗಳನ್ನು ಅಲ್ಲಿಗೇ ಕಳಿಸುತ್ತಿತ್ತು. ಪಾಪ, ಹಾಜರಿ ಯಂತ್ರಕ್ಕೆ ಬ್ರೈಲ್ ಏನು ಗೊತ್ತು? ಕಂಪ್ಯೂಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ನೂರು ಸಲ ಅಳಿಸಿ ಹೊಸದಾಗಿ ಹಾಕಿದ್ದರೂ ಯಂತ್ರ ಹಾಗೆಯೇ ನಿಲ್ಲುತ್ತಿತ್ತು.

ಹಾಜರಿ ಯಂತ್ರಕ್ಕೆ ಬೇರೆ ಸಂಖ್ಯೆ ಕೊಟ್ಟರು. ಎರಡು ನಿಮಿಷದ ಕೆಲಸ. ಚುಕ್ಕಿ ಯಂತ್ರ ಹೊರಟಿತು. ಹೊಲಿಗೆಯವನೊಬ್ಬ ಬೇಕೆಂದೇ ಹೋಗಿ ಬೆರಳೊತ್ತಿದ. ಥ್ಯಾಂಕ್ಯೂ ಎಂದಿತು. ಚುಕ್ಕಿ ಯಂತ್ರ ನಿಲ್ಲಲಿಲ್ಲ. ಇನ್ನೊಬ್ಬಳು ಒತ್ತಿದಳು. ನಿಲ್ಲಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಒಂಬತ್ತು ಜನವೂ ಸಾಲಾಗಿ ನಿಂತು ಒತ್ತಿದರು. ಒಂಬತ್ತು ಸಲ ಥ್ಯಾಂಕ್ಯೂ, ನಡುವೆ ಒಂದು ಸಲವೂ ನಿಲ್ಲದ ಟಕಟಕ. ಮುತ್ತಕ್ಕ ಕುರ್ಚಿಯಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕಳು.

ಗುರುವಾರ, ಶುಕ್ರವಾರ ಯಂತ್ರ ಓಡಿತು. ಎಲ್ಲರೂ ಎಲ್ಲ ಕೆಲಸವನ್ನೂ ಮಾಡಿದರು. ಜಾಣ ಹಾಳೆ ಜೋಡಿಸಿದ, ಹೊಲಿಗೆ ಹಾಕುವುದನ್ನೂ ಕಲಿತ. ಶನಿವಾರ ಮಧ್ಯಾಹ್ನ ಮೂವತ್ತಮೂರು ಸಂಪುಟಗಳು ಬಸ್ಸಿನ ಮೇಲೇರಿದವು. ಕಂಡಕ್ಟರು ಇಷ್ಟು ದಪ್ಪದ ಪುಸ್ತಕ ಯಾರು ಓದುತ್ತಾರೆ ಎಂದು ಕೇಳಿದ. ನಾಳಿನ ಅಧಿಕಾರಿಗಳು ಎಂದು ನಸೀಮಾ ಹೇಳಿದಳು. ಅವಳ ಮಾತು ಸುಳ್ಳಾಗಲಿಲ್ಲ. ಹನ್ನೊಂದು ಜನರಲ್ಲಿ ಏಳು ಜನ ಆ ಪರೀಕ್ಷೆ ಗೆದ್ದರು. ಒಬ್ಬಳಂತೂ ಕೆಲಸಕ್ಕೆ ಸೇರಿದ ದಿನ ನೇರ ಮುದ್ರಣಾಲಯಕ್ಕೆ ಬಂದು ಮುತ್ತಕ್ಕನ ಕೈ ಹಿಡಿದು, ಆ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡಳು.

ಈಗಲೂ ಅಲ್ಲಿ ಆಯುಧಪೂಜೆ ನಡೆಯುತ್ತದೆ. ವೈರು ಬಿಚ್ಚುವ ಮೊದಲು ಪ್ರತಿ ಯಂತ್ರದ ಸಂಖ್ಯೆಯನ್ನು ಮುತ್ತಕ್ಕ ಚುಕ್ಕಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸುತ್ತಾಳೆ. ಕುಂಕುಮ ಆಮೇಲೆ.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು.

"ಆ ಜಾಣ ಏನಾದ ಮೇಷ್ಟ್ರೇ?" ಎಂದು ಚಿಕ್ಕಲಿಂಗ ಕೇಳಿದ.

"ಏನಾಗ್ತಾನೆ? ವಯಸ್ಸಾಯ್ತು. ಗ್ರಂಥಾಲಯದ ಹಿಂದೆ ಕೂತು ನಿನ್ನಂಥೋರಿಗೆ ಪಾಠ ಹೇಳ್ತಾನೆ."

ಚಿಕ್ಕಲಿಂಗ ಜೋರಾಗಿ ನಕ್ಕ. ಮೇಷ್ಟ್ರೂ ನಕ್ಕರು. ನಗು ಮುಗಿದ ಮೇಲೆ ಅವರು ಸ್ಟೂಲನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು.

"ಎಲ್ಲಾ ಮಾಡಿ ನೋಡಿದೆ ಅಂದೆಯಲ್ಲ, ಆಗ ನಿನ್ನ ಎಡಗೈ ಬೆರಳು ಎಲ್ಲಿತ್ತು?"