ಮೂಲೆಗೆ ಹತ್ತಿದ ಅರಿಶಿನ

"ಗುರುಗಳೇ, ಬಾಲ್ಯದ ಗೆಳೆಯನಿಗೆ ಎಷ್ಟು ಕಾರ್ಡು ಬರೆದರೂ ಉತ್ತರವಿಲ್ಲ. ಇದು ಹೊಸದು. ಇದರಲ್ಲಿ ಯಾವ ಪದ ತಿದ್ದಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕಾರ್ಡನ್ನು ಓದಿದರು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಸಾಲುಸಾಲಿಗೂ 'ತಾವು', 'ತಮ್ಮಲ್ಲಿ ವಿನಂತಿ'; ಒಂದು ತಪ್ಪೂ ಇರಲಿಲ್ಲ. ಅದನ್ನು ಮಗ್ಗುಲಲ್ಲಿಟ್ಟು ಕತೆ ಹೇಳಿದರು.

ಒಬ್ಬ ಮುದುಕಿ ಇದ್ದಳು. ಮದುವೆಯಾಗಿ ಹುಟ್ಟೂರಿನಿಂದ ಬಹುದೂರ ಬಂದವಳು. ಮಕ್ಕಳಿಗೆ ಅವಳು ಅಮ್ಮ, ಮೊಮ್ಮಕ್ಕಳಿಗೆ ಅಜ್ಜಿ, ಊರಿಗೆಲ್ಲ ದೊಡ್ಡಮ್ಮ. ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ 'ಲೇ' ಎಂದು ಕರೆಯುವವರು ಆ ಊರಲ್ಲಿ ಒಬ್ಬರೂ ಇರಲಿಲ್ಲ. ಹಾಗೆ ಕರೆಯುವ ಗೆಳತಿಯೊಬ್ಬಳು ಹುಟ್ಟೂರಿನಲ್ಲಿದ್ದಳು. ಕಣ್ಣು ಮುಚ್ಚುವ ಮೊದಲು ಅವಳ ಬಾಯಿಂದ ಇನ್ನೊಂದು ಸಲ ಬೈಸಿಕೊಳ್ಳಬೇಕೆಂಬುದೇ ಮುದುಕಿಯ ಆಸೆ.

ತನ್ನ ಅಕ್ಷರ ಸೊಟ್ಟ ಎಂದು ಅವಳಿಗೆ ನಾಚಿಕೆ. ಅದಕ್ಕೇ ಶಾಲೆಯ ಮೇಷ್ಟರಿಂದ ಕಾರ್ಡು ಬರೆಸುತ್ತಿದ್ದಳು. "ಇತ್ತ ಕ್ಷೇಮ. ತಾವು ಅನುಕೂಲ ನೋಡಿಕೊಂಡು ದಯಮಾಡಿಸಿ ನಮ್ಮನ್ನು ಕೃತಾರ್ಥರನ್ನಾಗಿ ಮಾಡಬೇಕಾಗಿ ವಿನಂತಿ" ಎಂದು ಮೇಷ್ಟರು ಬರೆಯುತ್ತಿದ್ದರು. "ತಮ್ಮ ಆದರಕ್ಕೆ ಚಿರಋಣಿ" ಎಂದು ಅತ್ತಲಿಂದ ಇನ್ಯಾರೋ ಬರೆಯುತ್ತಿದ್ದರು. ವರ್ಷಗಳು ಕಳೆದವು. ಗೆಳತಿ ಮಾತ್ರ ಬರಲಿಲ್ಲ.

ಒಂದು ದಿನ ಮನೆಯ ಬೆಕ್ಕು ಮರಿ ಹಾಕಿತು. ಅರಿಶಿನ ಕುಟ್ಟುತ್ತಿದ್ದ ಮುದುಕಿ ಎದ್ದುಬಂದು ನೋಡಿದಳು. ನಗು ತಡೆಯಲಾಗಲಿಲ್ಲ. ಮೇಷ್ಟರು ಊರಲ್ಲಿಲ್ಲ, ಅಂಚೆಯವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಕೈ ಕೂಡ ತೊಳೆಯದೆ ತಾನೇ ಬರೆದುಕೊಟ್ಟಳು:

"ಲೇ ಗೂಬೆ, ನಮ್ಮ ಬೆಕ್ಕು ಮರಿ ಹಾಕಿದೆ. ಒಂದಕ್ಕೆ ಥೇಟ್ ನಿನ್ನ ಮುಖ. ಹಾಲು ಕೊಟ್ಟರೂ ಗುರ್ ಎನ್ನುತ್ತದೆ."

ಅವಳು ಹಿಡಿದ ಕಡೆಯೆಲ್ಲ ಅರಿಶಿನ ಹತ್ತಿತು. ಕಾರ್ಡಿನ ನಾಲ್ಕು ಮೂಲೆಯೂ ಹಳದಿಯಾಯಿತು. ಮೂಲೆಗೆ ಅರಿಶಿನ ಹಚ್ಚಿ ಬಂದ ಕಾಗದವೆಂದರೆ ಮದುವೆಯ ಕರೆ, ಅದನ್ನು ತಿಳಿಯದವರಿಲ್ಲ.

ವಾರ ಕಳೆಯುವುದರೊಳಗೆ ಗೆಳತಿ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಉಡುಗೊರೆಯ ಸೀರೆ, ಇನ್ನೊಂದರಲ್ಲಿ ಲಾಡಿನ ಬುಟ್ಟಿ, ಹಿಂದೆ ಸೋಬಾನೆ ಹಾಡುವ ಇಬ್ಬರು ಹೆಂಗಸರು.

"ಲೇ ಮರೆಗುಳಿ! ಬೆಕ್ಕಿನ ಸುದ್ದಿ ಬರೆದೆ, ಮದುವೆ ಯಾರದು ಅಂತ ಬರೆಯಬಾರದಾ? ಎಲ್ಲೇ ಚಪ್ಪರ?"

ಮುದುಕಿ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯ ಅರಿಶಿನ ಇನ್ನೂ ಹೋಗಿರಲಿಲ್ಲ.

"ಯಾವ ಮದುವೆಯೂ ಇಲ್ಲ ಕಣೇ. ಮರಿ ಹಾಕಿದ ಬೆಕ್ಕಿಗೇ ಮದುವೆಯಾಗಿಲ್ಲ!"

ಇಬ್ಬರೂ ಹೊಸ್ತಿಲ ಬಳಿ ಕುಸಿದು ಕುಳಿತು ನಕ್ಕರು. ಹಾಡಲು ಬಂದವರು, ಬಂದ ತಪ್ಪಿಗೆ, ಬೆಕ್ಕಿನ ಮರಿಗಳಿಗೆ ಜೋಗುಳ ಹಾಡಿ ಲಾಡು ತಿಂದರು.

ನಗು ನಿಂತ ಮೇಲೆ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಷ್ಟು ವರ್ಷ ಕರೆದೆನಲ್ಲೇ, ಒಂದು ಸಲವಾದರೂ ಬಂದೆಯಾ?"

"ನೀನೆಲ್ಲಿ ಕರೆದೆ? ಯಾರೋ ಅಮಲ್ದಾರರು ಕಚೇರಿಗೆ ಬರಹೇಳುತ್ತಿದ್ದಾರೆ ಅಂದುಕೊಂಡಿದ್ದೆ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಯೋಚಿಸಿದ. "ಹಾಗಾದರೆ ನನ್ನ ಕಾರ್ಡಿಗೂ ಅರಿಶಿನ ಹಚ್ಚಲೇ?" ಎಂದ.

ಗುರುಗಳು ಕಾರ್ಡನ್ನು ಅವನ ಕೈಗೆ ಮರಳಿ ಕೊಟ್ಟರು.

"ಪದ ಯಾವುದನ್ನೂ ತಿದ್ದಬೇಡ, ವಿಳಾಸವನ್ನು ತಿದ್ದು, ಇದು ಅಮಲ್ದಾರರಿಗೆ ಸೇರಬೇಕಾದ ಕಾರ್ಡು."