ನೀಲವ್ವ ತವರಿಗೆ ಹೋದದ್ದು

"ಗುರುಗಳೇ, ಚಿಕ್ಕಂದಿನಲ್ಲಿ ಅನುಭವಿಸಿದ್ದನ್ನು ಮರೆಯುವುದು ಹೇಗೆ?" ಎಂದು ಶಿಷ್ಯ ಚನ್ನವೀರ ಕೇಳಿದ. ತಂದೆಯ ಹೆಸರೆತ್ತಿದರೆ ಅವನು ಎದ್ದು ಹೋಗುವುದನ್ನು ಗುರುಗಳು ಕಂಡಿದ್ದರು. ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೈತನಿಗೆ ನೀಲವ್ವ ಎಂಬ ಮಗಳಿದ್ದಳು. ಅವನ ಹಿತ್ತಿಲಿನಲ್ಲಿ, ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಮಗಳು ಸಣ್ಣ ತಪ್ಪು ಮಾಡಿದರೂ ಅವನು ಅವಳನ್ನು ಬರಿದಾದ ಹಗೇವಿಗೆ ಇಳಿಸಿ, ಅದರ ಬಾಯಿಗೆ ಕಲ್ಲಿನ ಚಪ್ಪಡಿ ಎಳೆಯುತ್ತಿದ್ದ. ಕೂಗಿ ಕೂಗಿ ಅವಳ ಗಂಟಲು ಕಟ್ಟುತ್ತಿತ್ತು. ತಾಯಿ ಒಲೆಯ ಮುಂದೆ ಕುಳಿತು ಅಳುತ್ತಿದ್ದಳೇ ಹೊರತು ಮೇಲೇಳುತ್ತಿರಲಿಲ್ಲ.

ನೀಲವ್ವ ಮದುವೆಯಾಗಿ ಬೇರೆ ಊರು ಸೇರಿದಳು. ಒಳ್ಳೆಯ ಗಂಡ, ಒಬ್ಬಳೇ ಮಗಳು. ತಾಯಿ ತೀರಿಕೊಂಡ ಮೇಲೆ ತವರಿಗೆ ಹೋಗುವುದನ್ನೇ ಬಿಟ್ಟಳು. ಹಳೆಯದೆಲ್ಲ ಮುಗಿಯಿತು ಅಂದುಕೊಂಡಳು. ಒಂದು ದಿನ ಮಗಳು ಹಾಲಿನ ಗಡಿಗೆ ಒಡೆದಳು. ನೀಲವ್ವ ಅವಳ ರಟ್ಟೆ ಹಿಡಿದು, ಕತ್ತಲೆ ಕೋಣೆಗೆ ದೂಡಿ ಅಗಳಿ ಹಾಕಿದಳು. ಒಳಗಿನಿಂದ "ಅವ್ವಾ!" ಎಂಬ ಕೂಗು ಬಂತು. ಅದು ನೀಲವ್ವನಿಗೆ ತನ್ನದೇ ದನಿ ಎನಿಸಿತು. ಬಾಗಿಲು ತೆಗೆದು, ಮಗಳನ್ನು ಎದೆಗವಚಿಕೊಂಡು, "ತಪ್ಪು ನನ್ನದು ಕಂದಾ" ಎಂದಳು. ಮರುದಿನವೇ ಅವಳನ್ನು ಕರೆದುಕೊಂಡು ತವರಿಗೆ ನಡೆದಳು.

ತಂದೆ ಮುದುಕನಾಗಿದ್ದ. ನೀಲವ್ವ ಅವನು ಕೊಟ್ಟ ನೀರನ್ನೂ ಮುಟ್ಟದೆ ಅವನನ್ನು ಹಗೇವಿನ ಬಳಿ ಕರೆದೊಯ್ದಳು.

"ಅಪ್ಪಾ, ಇದರೊಳಗೆ ನಾನು ಎಷ್ಟು ಹೆದರುತ್ತಿದ್ದೆ ಎಂದು ನಿನಗೆ ಗೊತ್ತೇ? ನಿನ್ನೆ ನನ್ನ ಮಗಳಿಗೂ ಅದನ್ನೇ ಮಾಡಿಬಿಟ್ಟೆ."

ಮುದುಕ ಹಗೇವಿನ ಬಾಯಿಯೊಳಗೆ ಬಗ್ಗಿ ನೋಡಿದ. "ನಮ್ಮಪ್ಪನೂ ನನ್ನನ್ನು ಇದರಲ್ಲೇ ಇಳಿಸುತ್ತಿದ್ದ. ನಾನು ಅದನ್ನು ಮರೆತೇಬಿಟ್ಟಿದ್ದೆನಲ್ಲ ತಾಯಿ" ಎಂದು ಕುಸಿದು ಕುಳಿತ.

ಆಮೇಲೆ ತಾನೇ ಎದ್ದು ಗುದ್ದಲಿ ತಂದ. ಅವನು ಮಣ್ಣು ಅಗೆದ, ನೀಲವ್ವ ಪುಟ್ಟಿಯಲ್ಲಿ ಹೊತ್ತು ಹಾಕಿದಳು. ಒಂದು ವಾರಕ್ಕೆ ಹಗೇವು ತುಂಬಿ ನೆಲ ಸಮವಾಯಿತು. ಮುದುಕ ಕ್ಷಮೆ ಕೇಳಿದ. ಹೊರಡುವಾಗ ನೀಲವ್ವ, "ಸುಗ್ಗಿಗೆ ಬರುತ್ತೇವೆ" ಎಂದಳು. ಬಂದಳು ಕೂಡ. ಆ ಸಲ ಅಪ್ಪನ ಪಕ್ಕದಲ್ಲೇ ಕುಳಿತು ಉಂಡಳು.

ಚನ್ನವೀರ ಕೇಳಿದ: "ಹಾಗಾದರೆ ಕೊನೆಗೆ ಅವಳು ಎಲ್ಲವನ್ನೂ ಮರೆತಳೇ?"

"ಮರೆತಿದ್ದವನು ಅವಳ ತಂದೆ" ಎಂದರು ಗುರುಗಳು.